ಆಲಿಕಲ್ಲಿನ ಲೋಲಾಕು

ಈ ಮಾತು ಆಡುವ ಹೊತ್ತಿನಲ್ಲಿ ನನ್ನ ಮುಂದಿನ ಮೇಜಿನ ಮೇಲೆ ಬಿಳಿಯ ಕರವಸ್ತ್ರ ಹಾಸಿ, ಅದರ ಮೇಲೆ ಒಂದು ಜೊತೆ ಬೆಳ್ಳಿಯ ಲೋಲಾಕು ಇಟ್ಟುಕೊಂಡಿದ್ದೇನೆ. ಅವು ನಿಮಗೆ ಕಾಣವು. ಕಾಣದವರಿಗೆ ಬಣ್ಣ ಹೇಳುವುದೇ ಕಷ್ಟ. ಈ ಕಲ್ಲಿನ ಬಣ್ಣ ಹೇಳುವುದು ಇನ್ನೂ ಕಷ್ಟ, ಅದು ಒಂದು ಕಡೆ ನಿಲ್ಲುವುದಿಲ್ಲ. ಸುಮ್ಮನೆ ಇಟ್ಟಾಗ ಅನ್ನ ಬಸಿದ ಗಂಜಿಯ ತಿಳಿಯಂಥ ಬಿಳುಪು, ಅಷ್ಟೆ. ಈಗ ಕರವಸ್ತ್ರದ ಒಂದು ಅಂಚನ್ನು ಎತ್ತುತ್ತೇನೆ. ಲೋಲಾಕು ತುಸು ವಾಲಿತು. ಬಿಳುಪಿನ ಒಳಗಿನಿಂದ ನವಿಲಿನ ಕತ್ತಿನ ನೀಲಿ ಎದ್ದು ಬಂತು, ಸುಳಿಬಾಳೆಯ ಹಸಿರಾಯಿತು, ಅಂಚಿನಲ್ಲಿ ಒಂದು ಕೆಂಡದ ಚುಕ್ಕೆ ಹೊಳೆದು ಆರಿತು. ಅಂಚು ಇಳಿಸಿದೆ, ಮತ್ತೆ ಗಂಜಿತಿಳಿ.

ಈ ಕಲ್ಲಿನ ಹೆಸರು ಓಪಲ್. ಲೋಲಾಕು ಮಾಡಿದವಳು ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದ ಮೇಲೆ, ಬೆಂಗಳೂರಿನ ನಗರ್ತಪೇಟೆಯ ಓಣಿಯೊಂದರಲ್ಲಿ ವಯಸ್ಸಾದ ಅಕ್ಕಸಾಲಿಗರೊಬ್ಬರ ಬಳಿ ಬೆಳ್ಳಿ ಕೆಲಸ ಕಲಿಯಲು ಕೂತೆ. ತಗಡು ಕತ್ತರಿಸುವುದರಿಂದ ಹೊಳಪು ಕೊಡುವವರೆಗೆ ನನ್ನ ಕೈಯಲ್ಲೇ ಆದ ಮೊದಲ ಒಡವೆ ಇದು. ನನ್ನ ಅಕ್ಕನಿಗೆ ಈ ವರ್ಷ ಎಪ್ಪತ್ತು ತುಂಬುತ್ತದೆ. ಇದು ಅವಳಿಗೆ.

ಬೇರೆ ಯಾವ ಕಲ್ಲೂ ಅಲ್ಲದೆ ಓಪಲ್ಲೇ ಏಕೆ ಎಂದರೆ, ಅದಕ್ಕೊಂದು ಹಳೆಯ ಲೆಕ್ಕವಿದೆ. ನಾವು ಬೆಳೆದದ್ದು ಅರಸೀಕೆರೆಯ ಹತ್ತಿರದ ಹಳ್ಳಿಯಲ್ಲಿ. ಯುಗಾದಿ ಕಳೆದ ಮೇಲಿನ ಮೊದಲ ಮಳೆಗಳಲ್ಲಿ ಕೆಲವು ವರ್ಷ ಆಲಿಕಲ್ಲು ಬೀಳುತ್ತಿತ್ತು. ಹೆಂಚಿನ ಮೇಲೆ ಸದ್ದಾದ ಕೂಡಲೇ ನಾವಿಬ್ಬರೂ ಅಂಗಳಕ್ಕೆ ಓಡುತ್ತಿದ್ದೆವು. ಒಂದು ಸಲ ಅಕ್ಕ ಲಂಗದ ಮಡಿಲಲ್ಲಿ ಆರಿಸಿ ತಂದ ಕಲ್ಲುಗಳಲ್ಲಿ ಸಮನಾದ ಎರಡನ್ನು ಹುಡುಕಿ, ಓಲೆ ಮಾಡಿಸಿಕೊಳ್ಳುತ್ತೇನೆಂದು ಅಮ್ಮನ ಕುಂಕುಮದ ಭರಣಿಯಲ್ಲಿ ಬಚ್ಚಿಟ್ಟಳು. ಬೆಳಿಗ್ಗೆ ನೋಡಿದರೆ ಭರಣಿಯ ತುಂಬ ಕೆಂಪು ನೀರು. ಅಮ್ಮ ಬೈದದ್ದಕ್ಕಿಂತ ಕಲ್ಲು ಕರಗಿದ್ದಕ್ಕೆ ಅವಳು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ.

ಓಪಲ್ ಅನ್ನುವುದು ಪರದೇಶದ ಮಾತಿನಂತೆ ಕೇಳಿಸುತ್ತದೆ. ಆದರೆ ಲ್ಯಾಟಿನ್ನಿನ ಓಪಲುಸ್, ಗ್ರೀಕಿನ ಓಪಾಲ್ಲಿಯೊಸ್ ಎಂಬ ಶಬ್ದಗಳ ಮೂಲ ಸಂಸ್ಕೃತದ ‘ಉಪಲ’ ಇರಬೇಕು ಎಂದು ಬಹುಪಾಲು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಉಪಲ ಎಂದರೆ ಕಲ್ಲು, ರತ್ನ. ಹಳೆಯ ಕಾವ್ಯ ಓದಿದವರಿಗೆ ಚಂದ್ರೋಪಲ, ಸೂರ್ಯೋಪಲ ಎಂಬ ಮಾತುಗಳು ಹೊಸವಲ್ಲ. ಅಮರಕೋಶದಲ್ಲಿ ಆಲಿಕಲ್ಲಿಗೆ ಕೊಟ್ಟಿರುವ ಹೆಸರು ‘ವರ್ಷೋಪಲ’, ಮಳೆಯ ಕಲ್ಲು. ಅದನ್ನು ಕಂಡ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೆಸರಿನಲ್ಲಿ ಮಾತ್ರವಲ್ಲ, ವಸ್ತುವಿನಲ್ಲೂ ಓಪಲ್ ಆಲಿಕಲ್ಲಿನ ಬಂಧುವೇ. ಅದರೊಳಗೆ ನೀರಿದೆ.

ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ವಜ್ರ, ಮಾಣಿಕ್ಯ, ಪಚ್ಚೆ ಇವೆಲ್ಲ ಸ್ಫಟಿಕಗಳು. ಅವುಗಳ ಅಣುಗಳು ಗೊತ್ತಾದ ಜಾಗದಲ್ಲಿ ಸಾಲಾಗಿ ಕೂತಿರುತ್ತವೆ. ಓಪಲ್ ಸ್ಫಟಿಕವಲ್ಲ. ಮರಳಿನಲ್ಲಿರುವ ಸಿಲಿಕಾ ನೀರಿನೊಂದಿಗೆ ಸೇರಿ ಲೋಳೆಯಂತಾಗಿ, ಕಲ್ಲಿನ ಬಿರುಕುಗಳಿಗೆ ಇಳಿದು, ಅಲ್ಲಿ ಬಲು ನಿಧಾನವಾಗಿ ಗಟ್ಟಿಯಾದದ್ದು. ಗಟ್ಟಿಯಾದ ಮೇಲೂ ನೀರು ಪೂರ್ತಿ ಬಿಟ್ಟುಹೋಗುವುದಿಲ್ಲ. ಒಳ್ಳೆಯ ಓಪಲ್ಲಿನ ತೂಕದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲು ನೀರೇ ಇರುತ್ತದೆ. ಕೆಲವು ಕಲ್ಲುಗಳಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ನೀರಿಗೂ ಬಣ್ಣವಿಲ್ಲ, ಸಿಲಿಕಾಕ್ಕೂ ಇಲ್ಲ. ಈ ಪ್ರಶ್ನೆ ನಮ್ಮ ಬೆಂಗಳೂರಿನಲ್ಲೇ ಒಬ್ಬರನ್ನು ಬಹಳವಾಗಿ ಕಾಡಿತ್ತು. ಸರ್ ಸಿ.ವಿ. ರಾಮನ್ 1948ರಲ್ಲಿ ತಮ್ಮ ಹೆಸರಿನ ಸಂಶೋಧನಾಲಯ ಕಟ್ಟಿದ ಮೇಲೆ ಮುತ್ತು, ಚಿಪ್ಪು, ಅಗೇಟು, ಚಂದ್ರಕಾಂತ ಶಿಲೆ, ಹೀಗೆ ಬೆಳಕಿನೊಡನೆ ಆಡುವ ವಸ್ತುಗಳನ್ನೆಲ್ಲ ಕೂಡಿಹಾಕಿ ನೋಡುತ್ತಿದ್ದರು. ನೊಬೆಲ್ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಬಣ್ಣದ ಕಲ್ಲು ಕಂಡರೆ ಹುಡುಗನಂತೆ ಕುತೂಹಲ ಪಡುವ ಮನಸ್ಸು ಅವರದು. 1953ರಲ್ಲಿ ಶಿಷ್ಯ ಎ. ಜಯರಾಮನ್ ಅವರ ಜೊತೆ ಓಪಲ್ಲಿನ ರಚನೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬಣ್ಣ ಯಾವುದೋ ಬೆರಕೆಯಿಂದ ಬಂದದ್ದಲ್ಲ, ಕಲ್ಲಿನ ಒಳಗಿನ ಪದರಗಳ ಜೋಡಣೆಯಿಂದ ಹುಟ್ಟಿದ್ದು ಎಂಬುದು ಅವರ ನಿಲುವು.

ಆ ಜೋಡಣೆ ಕಣ್ಣಿಗೆ ಬಿದ್ದದ್ದು 1964ರಲ್ಲಿ. ಆಸ್ಟ್ರೇಲಿಯಾದ ಜೆ.ವಿ. ಸ್ಯಾಂಡರ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಓಪಲ್ಲಿನೊಳಗೆ ಕಂಡದ್ದು ಪುಟ್ಟ ಪುಟ್ಟ ಗುಂಡುಗಳ ರಾಶಿ. ಮಾರುಕಟ್ಟೆಯಲ್ಲಿ ಕಿತ್ತಳೆಹಣ್ಣನ್ನು ಸಾಲಿನ ಮೇಲೆ ಸಾಲು ಜೋಡಿಸಿಟ್ಟಿರುತ್ತಾರಲ್ಲ, ಹಾಗೆಯೇ. ಆದರೆ ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಮುನ್ನೂರು ಗುಂಡುಗಳು ಹಿಡಿಸುತ್ತವೆ. ಬೆಳಕು ಆ ಸಾಲುಗಳ ನಡುವೆ ನುಗ್ಗಿ ಬರುವಾಗ ಬಣ್ಣಬಣ್ಣವಾಗಿ ಒಡೆಯುತ್ತದೆ. ಗುಂಡು ಸಣ್ಣದಾದರೆ ನೀಲಿ ಮಾತ್ರ. ದೊಡ್ಡದಾದರೆ ಕೆಂಪಿನವರೆಗೂ ಎಲ್ಲ ಬಣ್ಣ. ದೊಡ್ಡ ಗುಂಡುಗಳು ಅಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ, ಆದ್ದರಿಂದ ಕೆಂಪು ಮಿಂಚುವ ಓಪಲ್ಲಿಗೆ ಬೆಲೆ ಹೆಚ್ಚು. ಗುಂಡುಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಬಣ್ಣವೇ ಇಲ್ಲ, ಬರಿಯ ಹಾಲುಗಲ್ಲು. ನೆಲದಿಂದ ಸಿಗುವುದರಲ್ಲಿ ಬಹುಪಾಲು ಅಂಥದ್ದೇ.

ಆ ನೆಲದ ಮಾತಿಗೆ ಬರುತ್ತೇನೆ. ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಅಡಿಲೇಡ್ ನಗರದಿಂದ ಸುಮಾರು 850 ಕಿಲೋಮೀಟರ್ ಉತ್ತರಕ್ಕೆ, ಕೂಬರ್ ಪೀಡಿ ಎಂಬ ಊರಿದೆ. 1915ರ ಫೆಬ್ರುವರಿ 1ರಂದು ಅಲ್ಲಿ ಬಿಡಾರ ಹೂಡಿದ್ದವರು ಚಿನ್ನ ಹುಡುಕಲು ಬಂದವರು. ಚಿನ್ನ ಸಿಕ್ಕಿರಲಿಲ್ಲ, ಕುಡಿಯುವ ನೀರೂ ಮುಗಿಯುತ್ತಿತ್ತು. ತಂದೆಯ ಜೊತೆ ಬಂದಿದ್ದ ಹದಿನಾಲ್ಕು ವರ್ಷದ ಹುಡುಗ ವಿಲ್ಲಿ ಹಚಿಸನ್ ನೀರು ಹುಡುಕುತ್ತಾ ಹೋದವನು ನೆಲದ ಮೇಲೆ ಚೆಲ್ಲಿದ್ದ ಓಪಲ್ ಚೂರುಗಳನ್ನು ಕಂಡ. ಬಾಯಾರಿದ ಹುಡುಗನ ಕೈಗೆ ಸಿಕ್ಕ ನೀರು ಕಲ್ಲಿನೊಳಗಿತ್ತು. ಈ ಸಂಗತಿಯನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗುವುದಿಲ್ಲ.

ಕೂಬರ್ ಪೀಡಿ ಎಂಬುದು ಆ ನೆಲದ ಮೂಲನಿವಾಸಿಗಳ ‘ಕೂಪಾ ಪಿಟಿ’ ಎಂಬ ಮಾತಿನಿಂದ ಬಂದದ್ದು, ಬಿಳಿಯನ ಬಿಲ ಎಂದು ಅರ್ಥ ಹೇಳುತ್ತಾರೆ. ಹೆಸರು ಸರಿಯಾಗಿಯೇ ಇದೆ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಗುಡ್ಡದ ಒಡಲನ್ನು ಕೊರೆದು ಮನೆ ಮಾಡಿಕೊಂಡರು. ಇಂದಿಗೂ ಅಲ್ಲಿ ಎಷ್ಟೋ ಸಂಸಾರಗಳು ನೆಲದಡಿಯಲ್ಲೇ ಬಾಳುತ್ತವೆ. ಪ್ರಾರ್ಥನಾ ಮಂದಿರವೂ ನೆಲದಡಿಯಲ್ಲಿದೆ. ಎರಡನೇ ಮಹಾಯುದ್ಧದ ನಂತರ ಊರು ಸೊರಗಿದ್ದಾಗ ಅದಕ್ಕೆ ಮತ್ತೆ ಜೀವ ಬಂದದ್ದು ಟಾಟಿ ಬ್ರೈಯಂಟ್ ಎಂಬ ಮೂಲನಿವಾಸಿ ಹೆಂಗಸಿನಿಂದ. ಎಂಟು ಮೈಲಿ ಎಂಬ ಹೊಸ ಜಾಗದಲ್ಲಿ ಆಕೆ ಒಳ್ಳೆಯ ಓಪಲ್ ಕಂಡಳು. ಅದೇ ಎಂಟು ಮೈಲಿಯಲ್ಲಿ 1956ರಲ್ಲಿ ಸಿಕ್ಕ ಒಂದೇ ಗಡ್ಡೆ ಮೂರೂವರೆ ಕಿಲೋ ಹತ್ತಿರ ತೂಗುತ್ತಿತ್ತು. ಆ ವರ್ಷ ಮೆಲ್ಬರ್ನಿನಲ್ಲಿ ಒಲಿಂಪಿಕ್ಸ್ ಆಟಗಳು, ಆದ್ದರಿಂದ ಕಲ್ಲಿಗೆ ‘ಒಲಿಂಪಿಕ್ ಆಸ್ಟ್ರೇಲಿಸ್’ ಎಂದು ಹೆಸರಿಟ್ಟರು.

ಆ ಮರುಭೂಮಿ ಹತ್ತು ಕೋಟಿ ವರ್ಷಗಳ ಹಿಂದೆ ಸಮುದ್ರವಾಗಿತ್ತು. ಅಲ್ಲಿನ ಚಿಪ್ಪು, ಶಂಖ, ಜಲಚರಗಳ ಎಲುಬು ಕೂಡ ಓಪಲ್ ಆಗಿ ಸಿಗುತ್ತವೆ. ಚಿಪ್ಪಿನ ಗೆರೆಗಳೆಲ್ಲ ಹಾಗೇ ಇದ್ದು, ಒಳಗೆ ಮಾತ್ರ ಕಾಮನಬಿಲ್ಲು.

ನನ್ನ ಲೋಲಾಕಿನ ಕಲ್ಲು ಆಸ್ಟ್ರೇಲಿಯಾದ್ದಲ್ಲ, ಇಥಿಯೋಪಿಯಾದ್ದು. ನಮ್ಮ ದೇಶದಲ್ಲಿ ಈಗ ಬೆಳ್ಳಿಯ ಒಡವೆಗೆ ಕೂರಿಸುವ ನಿಜವಾದ ಓಪಲ್ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. 2008ರಲ್ಲಿ ಅಲ್ಲಿನ ವೊಲ್ಲೊ ಪ್ರಾಂತ್ಯದ ವೆಗೆಲ್ ತೆನಾ ಎಂಬಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಪದರದಲ್ಲಿ ಓಪಲ್ ಸಿಕ್ಕಿತು. ಕಡಿದಾದ ಬೆಟ್ಟದ ಓರೆಯಲ್ಲಿ ಹಾರೆ, ಸುತ್ತಿಗೆ ಹಿಡಿದು ಹಳ್ಳಿಯ ಜನರೇ ಅಗೆದು ತೆಗೆಯುತ್ತಾರೆ. ಒರಟು ಕಲ್ಲು ಅಲ್ಲಿಂದ ಜೈಪುರಕ್ಕೆ ಬಂದು ಸಾಣೆಗೆ ಕೂರುತ್ತದೆ. ಅದಕ್ಕೊಂದು ವಿಚಿತ್ರ ಗುಣವಿದೆ: ನೀರು ಕುಡಿಯುತ್ತದೆ. ನೀರಲ್ಲಿಟ್ಟರೆ ಬಿಳುಪು ಹೋಗಿ ಗಾಜಿನಂತೆ ತಿಳಿಯಾಗುತ್ತದೆ, ಬಣ್ಣದಾಟ ಮರೆಯಾಗುತ್ತದೆ. ನೆರಳಲ್ಲಿ ಬಿಟ್ಟರೆ ಕೆಲವು ದಿನಗಳಲ್ಲಿ ನೀರನ್ನೆಲ್ಲ ಬಿಟ್ಟು ಮೊದಲಿನಂತಾಗುತ್ತದೆ. ಸಾಣೆಚಕ್ರಕ್ಕೆ ನೀರು ಬೇಕೇ ಬೇಕು. ಹಾಗಾಗಿ ಕಲ್ಲು ಉಜ್ಜುವವನಿಗೆ ಕೆಲಸದ ನಡುವೆ ಬಣ್ಣವೇ ಕಾಣಿಸದೆ ಹೋಗುವುದುಂಟು. ಒಣಗುವ ತನಕ ಕಾದು, ನೋಡಿ, ಮತ್ತೆ ಉಜ್ಜಬೇಕು.

ಓಲೆಗೆ ಜೊತೆಗಲ್ಲು ಹುಡುಕುವುದು ಇನ್ನೊಂದು ತಪಸ್ಸು. ಒಂದು ಓಪಲ್ಲಿನಂತೆ ಇನ್ನೊಂದು ಇರುವುದಿಲ್ಲ. ಬಲ್ಲವರು ಒಂದೇ ಗಡ್ಡೆಯನ್ನು ನಡುವೆ ಸೀಳಿ ಎರಡು ಹರಳು ತೆಗೆಯುತ್ತಾರೆ, ಅಕ್ಕ ತಂಗಿಯರ ಹಾಗೆ ಮುಖದ ಹೋಲಿಕೆ ಇರುತ್ತದೆ, ಅಷ್ಟೆ. ನನಗೆ ಸಿಕ್ಕದ್ದೂ ಅಂಥ ಜೊತೆ, ಹುಣಸೆಬೀಜಕ್ಕಿಂತ ಸ್ವಲ್ಪ ಚಿಕ್ಕದು.

ಇನ್ನು ಕೆಲಸ. ನಾವು ಕಿವಿಯ ಒಡವೆಗೆ ಓಲೆ ಎನ್ನುತ್ತೇವೆ. ಹಿಂದೆ ತಾಳೆಗರಿಯನ್ನು ಸುರುಳಿ ಸುತ್ತಿ ಕಿವಿಗೆ ಇಡುತ್ತಿದ್ದುದರಿಂದ ಬಂದ ಹೆಸರು. ಹರಳಿಗೆ ಮನೆ ಕಟ್ಟುವುದೂ ಹಾಗೇ, ಒಂದು ಸುರುಳಿಯಿಂದ ಆರಂಭ. ಓಲೆಯ ತಳ ಮತ್ತು ಕೊಂಡಿಗೆ 925ರ ಬೆಳ್ಳಿ, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಬಹುತೇಕ ತಾಮ್ರ. ತಾಮ್ರ ಇರದಿದ್ದರೆ ಕೊಂಡಿ ಬಾಗಿಹೋಗುತ್ತದೆ. ಆದರೆ ಹರಳನ್ನು ಅಪ್ಪಿ ಹಿಡಿಯುವ ಗೋಡೆಗೆ ಅಪ್ಪಟ ಬೆಳ್ಳಿಯ ಪಟ್ಟಿಯೇ ಬೇಕು. ಅದು ಉಗುರಿಗೂ ಮಣಿಯುವಷ್ಟು ಮೃದು. ಪಟ್ಟಿಯನ್ನು ಹರಳಿನ ಸುತ್ತ ಸುತ್ತಿ, ಅಳತೆ ಹಿಡಿದು ಕತ್ತರಿಸಿ, ಹರಳನ್ನು ದೂರ ಇಟ್ಟು, ತುದಿಗಳನ್ನು ಬೆಸೆಯಬೇಕು. ಬಿಳಿಗಾರ ಸವರಿ, ಬೆಸುಗೆಯ ಚಿಕ್ಕ ಚೂರಿಟ್ಟು, ಊದುಗೊಳವೆಯಲ್ಲಿ ಜ್ವಾಲೆ ಊದುತ್ತಾ ಹೋದರೆ ಬೆಳ್ಳಿ ಮಂಕು ಕೆಂಪಾಗುತ್ತದೆ. ಬೆಸುಗೆ ಕರಗಿ ಸಂದಿನುದ್ದಕ್ಕೂ ಒಂದು ಬೆಳ್ಳನೆಯ ಗೆರೆ ಸರ್ರನೆ ಓಡುತ್ತದೆ. ಅದು ಓಡಿದ ಕ್ಷಣವೇ ಜ್ವಾಲೆ ಸರಿಸಬೇಕು. ಇನ್ನೊಂದು ಉಸಿರು ಊದಿದರೆ ಪಟ್ಟಿಯೇ ಕರಗಿ ಮುದ್ದೆ. ನನ್ನ ಏಳು ಪಟ್ಟಿಗಳು ಹಾಗೆ ಮುದ್ದೆಯಾದವು.

ನನಗೆ ಕೆಲಸ ಕಲಿಸುತ್ತಿದ್ದ ಆಚಾರ್ರು ಒಂದೇ ಒಂದು ಮಾತನ್ನು ದಿನವೂ ಹೇಳುತ್ತಿದ್ದರು: “ಬೆಂಕಿ ಕೆಲ್ಸ ಎಲ್ಲಾ ಮೊದ್ಲು ಮುಗೀಬೇಕಮ್ಮಾ. ಕಲ್ಲು ಕೊನೇಗೆ.” ನನಗೆ ಗೊತ್ತಿತ್ತು. ಆದರೂ ಒಂದು ಮಧ್ಯಾಹ್ನ, ಅವರು ಊಟಕ್ಕೆ ಹೋಗಿದ್ದಾಗ, ಹರಳು ಕೂರಿಸಿ ಮುಗಿದಿದ್ದ ಒಂದು ಓಲೆಯ ಮೇಲೆ ಕೊಂಡಿ ಸಿಕ್ಕಿಸುವ ಪುಟ್ಟ ಬಳೆ ಸಡಿಲವಾಗಿರುವುದು ಕಂಡಿತು. ಹರಳನ್ನು ಬಿಚ್ಚಿದರೆ ಗೋಡೆ ಹಾಳಾಗುತ್ತದೆ. ಒದ್ದೆ ಬಟ್ಟೆ ಸುತ್ತಿ ಮೇಲಿನ ಬಳೆಗಷ್ಟೇ ಬಿಸಿ ತೋರಿಸಿದರೆ ಆದೀತು ಅಂದುಕೊಂಡೆ. ಬೆಸುಗೆ ಕರಗಲು ಸುಮಾರು ಏಳುನೂರು ಡಿಗ್ರಿ ಬೇಕು; ಬೆಳ್ಳಿಯಷ್ಟು ಬೇಗ ಬಿಸಿಯನ್ನು ಹರಿಸುವ ಲೋಹ ಇನ್ನೊಂದಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟೇ ಸಣ್ಣ ಸದ್ದು. ಬಟ್ಟೆ ಬಿಚ್ಚಿದಾಗ ಕಲ್ಲಿನ ಮೈತುಂಬ ಜೇಡರಬಲೆಯಂಥ ಬಿರುಕು, ಬಣ್ಣವೆಲ್ಲ ಸತ್ತು ಸುಣ್ಣದ ಹರಳಾಗಿತ್ತು.

ಊಟ ಮುಗಿಸಿ ಬಂದ ಆಚಾರ್ರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೈಯಲಿಲ್ಲ. “ಇದು ಕಲ್ಲಲ್ಲಮ್ಮಾ, ನೀರು. ನೀರನ್ನ ಒಲೆ ಮೇಲಿಟ್ರಿ” ಎಂದರು. ಆ ಹೊತ್ತಿನ ದುಃಖ ಇನ್ನೂ ನನ್ನಲ್ಲಿದೆ. ಭೂಮಿ ಕೋಟಿಗಟ್ಟಲೆ ವರ್ಷ ಕಾಪಾಡಿಕೊಂಡು ಬಂದ ಹನಿಯನ್ನು ನಾನು ಅರ್ಧ ನಿಮಿಷದಲ್ಲಿ ಆವಿ ಮಾಡಿದೆ. ಅದರ ಜೊತೆಗಲ್ಲು ಈಗಲೂ ಒಂಟಿಯಾಗಿ ನನ್ನ ಪೆಟ್ಟಿಗೆಯಲ್ಲಿದೆ. ಹೊಸ ಜೊತೆಗಾಗಿ ನಾಲ್ಕು ತಿಂಗಳು ಕಾದೆ.

ಎರಡನೆಯ ಸಲ ಎಲ್ಲವನ್ನೂ ಸಾವಕಾಶವಾಗಿ ಮಾಡಿದೆ. ಗೋಡೆಯನ್ನು ತಳಕ್ಕೆ ಬೆಸೆದು, ಬಳೆ ಬೆಸೆದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ, ಹುಣಸೆನೀರಿನಲ್ಲಿ ಕುದಿಸಿ, ಅರ ಹಾಕಿ, ಹೊಳಪು ಕೊಟ್ಟು ಮುಗಿಸಿದ ಮೇಲೆ ತಳವನ್ನು ಮಾತ್ರ ಗಂಧಕದ ದ್ರಾವಣದಿಂದ ಕಪ್ಪು ಮಾಡಿದೆವು. ಇದು ಆಚಾರ್ರ ಉಪಾಯ. ಅವರ ತಂದೆಯ ಕಾಲದಲ್ಲಿ ಹರಳಿನ ಬೆನ್ನಿಗೆ ಬೇಗಡೆ ಇಟ್ಟು ಹೊಳಪು ಹೆಚ್ಚಿಸುತ್ತಿದ್ದರು. ಓಪಲ್ಲಿಗೆ ಬೇಕಾದದ್ದು ಬೆಳಕಲ್ಲ, ಕತ್ತಲು. ಬೆನ್ನ ಹಿಂದೆ ಕಪ್ಪಿದ್ದರೆ ಬಣ್ಣಗಳು ರಾತ್ರಿಯ ದೀಪಗಳಂತೆ ಎದ್ದು ಕಾಣುತ್ತವೆ. ಕೊನೆಗೆ ಹರಳನ್ನು ಮನೆಯೊಳಗೆ ಇಳಿಸಿ, ನಯವಾದ ಉಕ್ಕಿನ ಕಡ್ಡಿಯಿಂದ ಗೋಡೆಯ ಅಂಚನ್ನು ಒಳಕ್ಕೆ ಬಾಗಿಸಿದೆ. ಒಂದು ಕಡೆ ಒತ್ತಿದರೆ ಮುಂದಿನ ಒತ್ತು ಅದರ ಎದುರು ಬದಿಗೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಆಮೇಲೆ ಮೂಲೆಗಳು. ಕಡ್ಡಿ ಬೆಳ್ಳಿಯನ್ನು ಮುಟ್ಟಬೇಕು, ಕಲ್ಲನ್ನು ಮುಟ್ಟಬಾರದು. ಒಂದು ಓಲೆಗೆ ಒಂದು ಇಡೀ ಬೆಳಗು ಹಿಡಿಯಿತು.

ಓಪಲ್ಲಿಗೆ ಸರಿಯಾದ ಜಾಗ ಕಿವಿಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಮೆತ್ತನೆಯ ಕಲ್ಲು. ನಮ್ಮ ಮನೆಯ ದೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಉಂಗುರದಲ್ಲಿ ಕೂರಿಸಿದರೆ ಪಾತ್ರೆಗೆ, ಬಾಗಿಲಿಗೆ, ಬಸ್ಸಿನ ಕಂಬಿಗೆ ತಗಲಿ ಗೀರು ಬೀಳುತ್ತದೆ. ಕಿವಿ ಯಾವುದಕ್ಕೂ ತಗಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಓಪಲ್ಲಿನ ಬಣ್ಣ ಹುಟ್ಟುವುದೇ ವಾಲಿದಾಗ. ಅದಕ್ಕೆಂದೇ ಬೆಂಡೋಲೆ ಮಾಡದೆ ಲೋಲಾಕು ಮಾಡಿದೆ. ಮಾತಾಡುವಾಗ ತಲೆ ಅಲ್ಲಾಡುತ್ತದೆ, ಲೋಲಾಕು ತೂಗುತ್ತದೆ, ತೂಗಿದ ಪ್ರತಿ ಸಲವೂ ಬೇರೆ ಬಣ್ಣ. ಹಾಕಿಕೊಂಡವರಿಗೆ ಅದು ಕಾಣುವುದಿಲ್ಲ. ಎದುರು ಕೂತು ಮಾತು ಕೇಳುವವರಿಗೆ ಕಾಣುತ್ತದೆ.

ಕೊಳ್ಳುವ ಮನಸ್ಸಿದ್ದವರಿಗೆ ನಾಲ್ಕು ಮಾತು. ಓಪಲೈಟ್ ಎಂಬ ಹೆಸರಿನಲ್ಲಿ ಮಾರುವುದು ಬರಿಯ ಗಾಜು. ಅದರಲ್ಲಿ ನೀಲಿಯ ಮಬ್ಬಿರುತ್ತದೆ, ಬಣ್ಣದಾಟ ಇರುವುದಿಲ್ಲ. ಕೆಲವು ಓಲೆಗಳಲ್ಲಿ ಕಾಗದದಷ್ಟು ತೆಳುವಾದ ಓಪಲ್ ಪದರವನ್ನು ಕಪ್ಪು ಕಲ್ಲಿಗೆ ಅಂಟಿಸಿ, ಮೇಲೆ ಗಾಜು ಹೊದಿಸಿರುತ್ತಾರೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಹೇಳದಿದ್ದರೆ ಪಕ್ಕದಿಂದ ನೋಡಿ, ಅಂಟಿನ ನೇರ ಗೆರೆ ಕಾಣುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಓಪಲ್ಲೂ ಉಂಟು. ಅದರ ಬಣ್ಣದ ತೇಪೆಗಳು ಹಲ್ಲಿಯ ಚರ್ಮದಂತೆ ಒಂದೇ ಸಮ ಜೋಡಿಸಿಟ್ಟ ಹಾಗಿರುತ್ತವೆ.

ಬೆಳ್ಳಿ ಕಪ್ಪಾಯಿತೆಂದು ಓಲೆಯನ್ನು ಹುಣಸೆಹಣ್ಣಿನಲ್ಲಿ ನೆನೆಹಾಕುವುದು ನಮ್ಮೆಲ್ಲರ ಅಭ್ಯಾಸ. ಹರಳು ಕೂರುವ ಮೊದಲು ಅಕ್ಕಸಾಲಿಗರು ಬೇಕಾದರೆ ಮಾಡಿಕೊಳ್ಳಲಿ, ಕೂತ ಮೇಲೆ ದಯವಿಟ್ಟು ಬೇಡ. ಎಣ್ಣೆಸ್ನಾನದ ದಿನ ಬಿಚ್ಚಿಡಿ; ಇಥಿಯೋಪಿಯಾದ ಕಲ್ಲು ನೀರು ಕುಡಿದಂತೆ ಎಣ್ಣೆಯನ್ನೂ ಅರಿಶಿನವನ್ನೂ ಕುಡಿಯುತ್ತದೆ, ಆ ಹಳದಿ ಮತ್ತೆ ಬಿಡುವುದು ಕಷ್ಟ. ಪೌಡರು, ಅತ್ತರು ಎಲ್ಲ ಆದ ಮೇಲೆ ಕೊನೆಗೆ ಓಲೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹತ್ತಿಬಟ್ಟೆಯ ಚೀಲದಲ್ಲಿ ಒಂಟಿಯಾಗಿ ಇಡಿ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಮಾತ್ರ ಇಡಬೇಡಿ.

ಓಪಲ್ ಅಶುಭ ಎಂದು ಯಾರಾದರೂ ಹೇಳಿಯಾರು. ಇನ್ನು ಕೆಲವರು ಅದು ಶುಕ್ರನ ಕಲ್ಲು, ಧರಿಸಿದರೆ ಒಳ್ಳೆಯದು ಎಂದಾರು. ಯೂರೋಪಿನಲ್ಲಿ ಅದಕ್ಕೆ ಕೆಟ್ಟ ಹೆಸರು ಅಂಟಿದ್ದಕ್ಕೆ 1829ರಲ್ಲಿ ವಾಲ್ಟರ್ ಸ್ಕಾಟ್ ಬರೆದ ಒಂದು ಕಾದಂಬರಿಯನ್ನು ಕಾರಣ ಮಾಡುತ್ತಾರೆ. ಅದರಲ್ಲಿ ತೀರ್ಥದ ಹನಿ ಬಿದ್ದು ಓಪಲ್ಲಿನ ಬಣ್ಣ ಆರಿಹೋಗುತ್ತದೆ. ವಿಕ್ಟೋರಿಯಾ ರಾಣಿ ಅದನ್ನು ಲೆಕ್ಕಿಸದೆ ತಾನೂ ಧರಿಸಿ ಹೆಣ್ಣುಮಕ್ಕಳಿಗೂ ಕೊಟ್ಟಳು. ಅವಳಿಗಿಂತ ಎಷ್ಟೋ ಶತಮಾನ ಮೊದಲು ರೋಮಿನ ನೋನಿಯಸ್ ಎಂಬ ಸೆನೆಟರ್, ತನ್ನ ಓಪಲ್ ಉಂಗುರವನ್ನು ಮಾರ್ಕ್ ಆಂಟನಿಗೆ ಕೊಡಲೊಲ್ಲದೆ, ಉಳಿದ ಆಸ್ತಿಯನ್ನೆಲ್ಲ ಬಿಟ್ಟು ಅದೊಂದನ್ನೇ ಹಿಡಿದು ದೇಶ ಬಿಟ್ಟು ಹೋದನೆಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಬೆರಳಿನ ಆ ಕಲ್ಲನ್ನು ನೋನಿಯಸ್ ಎಷ್ಟು ಸಲ ವಾಲಿಸಿ ವಾಲಿಸಿ ನೋಡಿರಬೇಕು ಎಂದು ನಾನು ಯೋಚಿಸುವುದುಂಟು.

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಹುಟ್ಟಿದ ದಿನಕ್ಕೆ ಇನ್ನೂ ಹತ್ತು ದಿನವಿತ್ತು, ಆದರೆ ತಡೆಯಲಾಗಲಿಲ್ಲ. ಕಿಟಕಿಯ ಪಕ್ಕ ಕೂರಿಸಿ ಅವಳ ಕಿವಿಗೆ ನಾನೇ ಇಟ್ಟೆ. ಎಪ್ಪತ್ತರ ಕಿವಿ, ತೂತು ಜೋತಿದೆ. ಅದಕ್ಕೇ ಹಗುರ ಮಾಡಿದ್ದೆ. ಅವಳು ಆ ಕಡೆ ಈ ಕಡೆ ತಲೆ ತಿರುಗಿಸಿದಳು. ನನಗೆ ನೀಲಿ ಕಂಡಿತು, ಹಸಿರು ಕಂಡಿತು. ಕೈಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದಳು. ಆಮೇಲೆ ಒಂದನ್ನು ಬಿಚ್ಚಿ ಅಂಗೈಯಲ್ಲಿಟ್ಟು, ಬೆರಳ ತುದಿಯಿಂದ ಮುಟ್ಟಿ, ತಣ್ಣಗಿದೆಯಲ್ಲೇ ಎಂದಳು.

“ಆಲಿಕಲ್ಲಿನ ಥರಾನೇ ಇದೆ ಕಣೇ” ಎಂದು ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. ನಾನು ಭರಣಿಯ ಮಾತು ಎತ್ತಿರಲೇ ಇಲ್ಲ.

ಒಂದು ಓಲೆಯನ್ನು ಮಾತ್ರ ರಿಪೇರಿಗೆಂದು ವಾಪಸು ತರಬೇಕಾಯಿತು, ಕೊಂಡಿ ಅವಳ ಕಿವಿಗೆ ಚೂರು ಉದ್ದವಾಗಿತ್ತು. ಒಂದನ್ನೇ ಇಟ್ಟುಕೊಳ್ಳಲು ಅವಳಿಗೆ ಮನಸ್ಸಾಗದೆ ಎರಡನ್ನೂ ಈ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು. ಬಾಗಿಲ ತನಕ ಬಂದು ಕೇಳಿದಳು:

“ಕರಗಲ್ಲ ತಾನೇ?”

ಇಲ್ಲ ಅಕ್ಕಾ ಎಂದೆ. ಕೊಂಡಿ ನಿನ್ನೆ ಸರಿಮಾಡಿದ್ದೇನೆ, ಬೆಂಕಿ ಸೋಕಿಸದೆ, ಕತ್ತರಿಸಿ ಬಾಗಿಸಿ. ಇಲ್ಲಿಂದ ಎದ್ದ ಕೂಡಲೇ ಅವಳ ಮನೆಗೇ ಹೋಗುತ್ತೇನೆ.